ಹಡಗಲಿ ಮಲ್ಲಿಗೆ: ಬಳ್ಳಿಯ ಬೇಸಾಯ ಮತ್ತು ಸವರುವ ಕ್ರಮ

ಪೀಠಿಕೆ

ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕು ಮಲ್ಲಿಗೆ ಬೆಳೆಗೆ ಬಹುಕಾಲದಿಂದ ಹೆಸರುವಾಸಿಯಾಗಿದೆ. ಇಲ್ಲಿನ ಹೂವು ತುಂಗಭದ್ರಾ ನದಿಯಲ್ಲಿ ದೋಣಿಗಳ ಮೂಲಕ ಹಂಪೆಯ ವಿರೂಪಾಕ್ಷ ಸನ್ನಿಧಿಗೆ ಸಾಗುತ್ತಿತ್ತು, ಹೂವಿನ ಹಡಗುಗಳ ಊರೇ ಹೂವಿನಹಡಗಲಿಯಾಯಿತು ಎಂಬ ಐತಿಹ್ಯ ಈ ಭಾಗದಲ್ಲಿ ಮನೆಮಾತಾಗಿದೆ. ಆದರೆ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿಯೇ ಊರಿನ ಹೆಸರು ‘ಪೂವಿನ’ ಎಂಬ ಮಾತಿನಿಂದ ಆರಂಭವಾಗುತ್ತದೆ. ವಿಜಯನಗರ ಸಾಮ್ರಾಜ್ಯ ಸ್ಥಾಪನೆಯಾದದ್ದು 1336ರಲ್ಲಿ. ಆದುದರಿಂದ ಹಂಪೆಯ ವೈಭವಕ್ಕೂ ಮೊದಲೇ ಊರಿನ ಹೆಸರಿನಲ್ಲಿ ಹೂವು ಸೇರಿತ್ತೆಂದು ತಿಳಿಯಬಹುದು.

ಹಡಗಲಿ ಮಲ್ಲಿಗೆಗೆ ಮೈಸೂರು ಮಲ್ಲಿಗೆ ಹಾಗೂ ಉಡುಪಿ ಮಲ್ಲಿಗೆಗಳೊಂದಿಗೆ 2007-08ನೇ ಸಾಲಿನಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಸುವಾಸನೆ ಹೆಚ್ಚಾಗಿರುವುದರಿಂದ ಸ್ಥಳೀಯವಾಗಿ ಇದನ್ನು ವಾಸನೆ ಮಲ್ಲಿಗೆ ಎಂದೂ ಕರೆಯುವರು. ಮಾನ್ಯತೆಯು ಹೂವಿನ ಹೆಸರನ್ನು ಕಾಪಾಡಬಲ್ಲುದೇ ಹೊರತು ಬಳ್ಳಿಯ ಇಳುವರಿಯನ್ನು ಕಾಪಾಡಲಾರದು. ಹಡಗಲಿ ಮತ್ತು ನೆರೆಯ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಮಲ್ಲಿಗೆ ಬೆಳೆಯುವ ಅಥವಾ ಹೊಸದಾಗಿ ಬೆಳೆಯಬಯಸುವ ರೈತರಿಗೆ ಬಳ್ಳಿಯ ಬೇಸಾಯವನ್ನು, ವಿಶೇಷವಾಗಿ ಅದನ್ನು ಸವರುವ ಕಾಲ ಮತ್ತು ಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

ಬಳ್ಳಿಯ ಪರಿಚಯ

ಮಲ್ಲಿಗೆ ಎಂಬ ಒಂದೇ ಹೆಸರಿನಲ್ಲಿ ಹಲವು ಬಗೆಯ ಗಿಡಗಳಿವೆ. ಉಡುಪಿ ಮಲ್ಲಿಗೆಯು ದುಂಡು ಮಲ್ಲಿಗೆಯ ಜಾತಿಗೆ, ಅಂದರೆ ಜಾಸ್ಮಿನಂ ಸಂಬಾಕ್ ಪ್ರಭೇದಕ್ಕೆ ಸೇರಿದೆ. ಹಡಗಲಿ ಮಲ್ಲಿಗೆಯು ಜಾಸ್ಮಿನಂ ಆರಿಕ್ಯುಲೇಟಂ ಎಂಬ ಪ್ರಭೇದ. ಕನ್ನಡದಲ್ಲಿ ಇದಕ್ಕೆ ಸೂಜಿ ಮಲ್ಲಿಗೆ ಎಂಬ ಹೆಸರೂ ಉಂಟು. ‘ಆರಿಕ್ಯುಲೇಟಂ’ ಎಂಬ ಲ್ಯಾಟಿನ್ ಮಾತಿಗೆ ಕಿವಿಯುಳ್ಳದ್ದು ಎಂದರ್ಥ. ಎಲೆಯ ತೊಟ್ಟಿನ ಎರಡೂ ಬದಿಯಲ್ಲಿ ಪುಟ್ಟ ಕಿವಿಗಳಂತೆ ಒಂದೊಂದು ಚಿಕ್ಕ ಎಲೆ ಇರುವುದನ್ನು ನೋಡಿ ಬಳ್ಳಿಯನ್ನು ಗುರುತಿಸಬಹುದು. ನರ್ಸರಿಯಲ್ಲಿ ಸಸಿ ಕೊಳ್ಳುವಾಗ ಹೂವು ಇನ್ನೂ ಬಿಟ್ಟಿರುವುದಿಲ್ಲವಾದ್ದರಿಂದ ಈ ಗುರುತು ಬಹಳ ಉಪಯುಕ್ತ. ಹಡಗಲಿ ಮಲ್ಲಿಗೆ ಎಂದು ಹೇಳಿ ಬೇರೆ ಜಾತಿಯ ಸಸಿ ಕೊಟ್ಟರೆ ಅದು ತಿಳಿಯುವ ಹೊತ್ತಿಗೆ ಒಂದು ವರ್ಷ ಕಳೆದಿರುತ್ತದೆ.

ಬಳ್ಳಿ ಎಂದು ಕರೆದರೂ ಇದು ಅವರೆಯಂತೆ ಸುತ್ತಿಕೊಂಡು ಏರುವ ಬಳ್ಳಿಯಲ್ಲ. ಬುಡದಿಂದ ಹಲವು ಕೊಂಬೆಗಳು ಹೊರಟು, ಆಸರೆ ಸಿಕ್ಕರೆ ಅದರ ಮೇಲೆ ಒರಗಿ ಬೆಳೆಯುತ್ತವೆ, ಸಿಗದಿದ್ದರೆ ನೆಲಕ್ಕೆ ಬಾಗಿ ಹರಡುತ್ತವೆ. ಮನೆಯ ಅಂಗಳದಲ್ಲಿ ಚಪ್ಪರಕ್ಕೆ ಹಬ್ಬಿಸುವುದುಂಟು. ಹೊಲದಲ್ಲಿ ಬೆಳೆಯುವಾಗ ಪ್ರತಿವರ್ಷ ಸವರಿ ಪೊದೆಯ ಆಕಾರದಲ್ಲಿಯೇ ಇಟ್ಟುಕೊಳ್ಳಬೇಕು. ಚಪ್ಪರದ ಮಲ್ಲಿಗೆ ನೆರಳಿಗೂ ಅಂದಕ್ಕೂ ಒಪ್ಪುವುದಾದರೂ ಹೂವು ಬಿಡಿಸಲು ಏಣಿ ಬೇಕಾಗುವ ತೋಟದಿಂದ ಲಾಭ ನಿರೀಕ್ಷಿಸುವಂತಿಲ್ಲ.

ಮಣ್ಣು ಮತ್ತು ಹವಾಗುಣ

ಐದೂ ತಾಲ್ಲೂಕುಗಳು ಅರೆಶುಷ್ಕ ಬಯಲುಸೀಮೆಗೆ ಸೇರಿವೆ. ವಾರ್ಷಿಕ ಮಳೆ ಬಹುತೇಕ 500ರಿಂದ 650 ಮಿ.ಮೀ. ನಡುವೆ ಇದ್ದು, ಅದರ ಹೆಚ್ಚಿನ ಪಾಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಅವಧಿಯಲ್ಲಿ ಬೀಳುತ್ತದೆ. ಬೇಸಿಗೆ ದೀರ್ಘ, ಚಳಿ ಅಲ್ಪ. ಮಲ್ಲಿಗೆಗೆ ಬಿಸಿಲು ಬೇಕು. ನೆರಳಿನಲ್ಲಿ ಬಳ್ಳಿ ಸೊಂಪಾಗಿ ಬೆಳೆದರೂ ಹೂವು ಕಡಿಮೆ. ಆ ದೃಷ್ಟಿಯಿಂದ ಈ ಸೀಮೆಯ ಹವಾಗುಣ ಬೆಳೆಗೆ ಹೇಳಿ ಮಾಡಿಸಿದಂತಿದೆ.

ಮಣ್ಣಿನ ವಿಷಯದಲ್ಲಿ ಎಚ್ಚರ ಬೇಕು. ಕೂಡ್ಲಿಗಿ, ಕೊಟ್ಟೂರು ಮತ್ತು ಹರಪನಹಳ್ಳಿ ಕಡೆಯ ಮರಳು ಮಿಶ್ರಿತ ಮಸಾರಿ ಭೂಮಿಯಲ್ಲಿ ನೀರು ಬೇಗ ಬಸಿದು ಹೋಗುವುದರಿಂದ ಬೇರಿಗೆ ಉಸಿರಾಟ ಸಲೀಸು, ಆದರೆ ನೀರು ಮತ್ತು ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಕೊಡಬೇಕಾಗುತ್ತದೆ. ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳಲ್ಲಿ ಮಸಾರಿಯ ಜೊತೆಗೆ ಎರೆ ಭೂಮಿಯೂ ಇದೆ. ಎರೆ ಹೊಲದಲ್ಲಿ ಮಲ್ಲಿಗೆ ಬೆಳೆಯಬಾರದೆಂದಿಲ್ಲ. ಆದರೆ ಹಿಂಗಾರಿ ಮಳೆಗೆ ನೀರು ಎರಡು ಮೂರು ದಿನ ನಿಲ್ಲುವ ತಗ್ಗಿನಲ್ಲಿ ಬಳ್ಳಿ ಹಳದಿಯಾಗಿ ಬೇರು ಕೊಳೆಯುವುದು ನಿಶ್ಚಿತ. ಅಂತಹ ಕಡೆ ಬಸಿಗಾಲುವೆ ತೆಗೆದು, ಏರು ಮಡಿಗಳ ಮೇಲೆ ನಾಟಿ ಮಾಡಬೇಕು. ಸುಣ್ಣಕಲ್ಲಿನ ಹರಳುಗಳು ಕಾಣುವ ಭೂಮಿಯಲ್ಲಿ ಬಳ್ಳಿಗೆ ಕಬ್ಬಿಣದ ಅಂಶ ಸಿಗದೆ ಎಳೆ ಎಲೆಗಳು ನರಗಳನ್ನು ಬಿಟ್ಟು ಉಳಿದೆಡೆ ಬಿಳಿಚಿಕೊಳ್ಳುತ್ತವೆ. ಇದು ರೋಗವಲ್ಲ, ಕೊರತೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಬೆರೆಸಿ ಎಲೆಗಳಿಗೆ ಸಿಂಪಡಿಸಿದರೆ ಹಸಿರು ಮರಳುತ್ತದೆ.

ನಾಟಿ

ಸೂಜಿ ಮಲ್ಲಿಗೆಯನ್ನು ಬೀಜದಿಂದ ಬೆಳೆಸುವ ರೂಢಿಯಿಲ್ಲ. ಮೂರು ನಾಲ್ಕು ಗೆಣ್ಣುಗಳಿರುವ, ಅರೆ ಬಲಿತ ಕೊಂಬೆಯ ತುಂಡುಗಳನ್ನು ಮರಳು ತುಂಬಿದ ಮಡಿಯಲ್ಲಿ ಬೇರು ಬರಿಸಿ ಸಸಿ ಮಾಡುತ್ತಾರೆ. ಮನೆ ಬಳಕೆಗೆ ನಾಲ್ಕಾರು ಗಿಡ ಸಾಕಾದರೆ ಇನ್ನೂ ಸುಲಭವಾದ ದಾರಿಯಿದೆ. ಮಳೆಗಾಲದಲ್ಲಿ ಬುಡದ ಕೊಂಬೆಯೊಂದನ್ನು ನೆಲಕ್ಕೆ ಬಾಗಿಸಿ, ಗೆಣ್ಣಿನ ಕೆಳಗೆ ಸ್ವಲ್ಪ ಸೀಳಿ, ಮಣ್ಣು ಮುಚ್ಚಿ ಮೇಲೊಂದು ಕಲ್ಲು ಹೇರಿದರೆ ಮೂರು ನಾಲ್ಕು ತಿಂಗಳಲ್ಲಿ ಬೇರು ಬಿಡುತ್ತದೆ.

ಜೂನ್‌ನಿಂದ ನವೆಂಬರ್‌ವರೆಗೆ ನಾಟಿ ಮಾಡಬಹುದು. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ಬೇಸಿಗೆಯಲ್ಲಿಯೇ ತೆಗೆದು ಬಿಸಿಲಿಗೆ ಬಿಟ್ಟು, ಪ್ರತಿ ಗುಂಡಿಗೆ 10 ಕಿ.ಗ್ರಾಂ ಕೊಟ್ಟಿಗೆ ಗೊಬ್ಬರ ಹಾಗೂ ಮೇಲ್ಮಣ್ಣು ತುಂಬಬೇಕು. ಸಾಲಿನಿಂದ ಸಾಲಿಗೆ ಮತ್ತು ಗಿಡದಿಂದ ಗಿಡಕ್ಕೆ 1.5 ಮೀಟರ್ ಅಂತರ ಕೊಟ್ಟರೆ ಎಕರೆಗೆ ಸುಮಾರು 1,800 ಗಿಡಗಳು ಹಿಡಿಸುತ್ತವೆ. ಅಂತರ 1.8 ಮೀಟರ್ ಆದರೆ ಸುಮಾರು 1,250 ಗಿಡಗಳು. ನೀರಿನ ಆಸರೆ ಕಡಿಮೆಯಿರುವ ಕೂಡ್ಲಿಗಿ, ಕೊಟ್ಟೂರು ಭಾಗದ ರೈತರಿಗೆ ಎರಡನೆಯದೇ ಲೇಸು. ನೆಟ್ಟ ಆರು ತಿಂಗಳಿಗೆ ಹೂವು ಕಾಣಿಸಿಕೊಂಡರೂ ತುಂಬು ಇಳುವರಿ ಬರುವುದು ಮೂರನೆಯ ವರ್ಷದಿಂದ. ಚೆನ್ನಾಗಿ ನೋಡಿಕೊಂಡ ತೋಟ 10ರಿಂದ 15 ವರ್ಷ ಫಲ ಕೊಡುತ್ತದೆ.

ಸವರುವುದೇಕೆ?

ಹೊಸದಾಗಿ ಮಲ್ಲಿಗೆ ಹಾಕಿದ ರೈತರು ಬಹುತೇಕ ಹಿಂಜರಿಯುವುದು ಈ ಕೆಲಸಕ್ಕೆ. ಎದೆಯೆತ್ತರ ಬೆಳೆದು ಹಸಿರಾಗಿ ನಿಂತ ಬಳ್ಳಿಯನ್ನು ಮೊಳದೆತ್ತರಕ್ಕೆ ಕತ್ತರಿಸಿ ಹಾಕಲು ಕೈ ಬಾರದಿರುವುದು ಸಹಜ. ಆದರೆ ಮಲ್ಲಿಗೆಯ ಮೊಗ್ಗು ಎಲ್ಲಿ ಹುಟ್ಟುತ್ತದೆ ಎಂಬುದನ್ನು ಅರಿತರೆ ಈ ಹಿಂಜರಿಕೆ ಉಳಿಯುವುದಿಲ್ಲ.

ಹೂಬಳ್ಳಿಗಳಲ್ಲಿ ಎರಡು ಸ್ವಭಾವಗಳುಂಟು. ಕೆಲವು ಹಿಂದಿನ ವರ್ಷ ಬಲಿತ ಕೊಂಬೆಯ ಮೇಲೆ ಹೂ ಬಿಡುತ್ತವೆ, ಕೆಲವು ಆ ವರ್ಷದ ಹೊಸ ಚಿಗುರಿನ ಮೇಲೆ. ಶೀತ ದೇಶಗಳ ಮನೆತೋಟಗಳಲ್ಲಿ ಅಚ್ಚುಮೆಚ್ಚಿನದಾದ ಕ್ಲೆಮ್ಯಾಟಿಸ್ ಬಳ್ಳಿಯ ತಳಿಗಳಲ್ಲಿ ಎರಡೂ ಸ್ವಭಾವಗಳಿವೆ. ವಸಂತದ ಆರಂಭದಲ್ಲಿ ಹಳೆಯ ಕೊಂಬೆಯ ಮೇಲೆ ಹೂ ಬಿಡುವ ತಳಿಗಳನ್ನು ಅಲ್ಲಿನವರು ಹೂವು ಮುಗಿದ ಮೇಲೆ ಹಗುರವಾಗಿ ಸವರುತ್ತಾರೆ. ಬೇಸಿಗೆಯ ಕೊನೆಯಲ್ಲಿ ಹೊಸ ಚಿಗುರಿನ ಮೇಲೆ ಹೂ ಬಿಡುವ ತಳಿಗಳನ್ನು ಮಾತ್ರ ಚಳಿಗಾಲ ಮುಗಿಯುವ ಮೊದಲು ನೆಲಮಟ್ಟದ ಸನಿಹಕ್ಕೆ ಕತ್ತರಿಸುತ್ತಾರೆ. ಯಾವ ಗುಂಪಿನದೆಂದು ತಿಳಿಯದೆ ಕತ್ತರಿ ಹಾಕಿದವರು ಒಂದು ವರ್ಷದ ಹೂವನ್ನೇ ಕಳೆದುಕೊಳ್ಳುತ್ತಾರೆ.

ಸೂಜಿ ಮಲ್ಲಿಗೆ ಎರಡನೆಯ ಗುಂಪಿನ ಸ್ವಭಾವದ್ದು. ಅದರ ಮೊಗ್ಗು ಹೊಸ ಚಿಗುರಿನ ತುದಿಯಲ್ಲಿ ಮತ್ತು ಆ ಚಿಗುರಿನ ಕವಲುಗಳಲ್ಲಿ ಮೂಡುತ್ತದೆ. ಹಳೆಯ ಕೊಂಬೆ ಎಷ್ಟೇ ದಪ್ಪವಾಗಿದ್ದರೂ ಅದರ ಮೈಮೇಲೆ ಮೊಗ್ಗು ಬಾರದು. ಸವರದೆ ಬಿಟ್ಟ ಬಳ್ಳಿಯಲ್ಲಿ ಚಿಗುರು ವರ್ಷದಿಂದ ವರ್ಷಕ್ಕೆ ಬುಡದಿಂದ ದೂರ ಸರಿಯುತ್ತಾ, ಸಣಕಲಾಗುತ್ತಾ ಹೋಗುತ್ತದೆ. ಪೊದೆಯ ಒಳಗೆ ಗಾಳಿ ಬೆಳಕು ಆಡದೆ ಒಣಕಡ್ಡಿ ತುಂಬಿ, ನುಸಿ ಮತ್ತು ಹುಳುಗಳಿಗೆ ಮನೆಯಾಗುತ್ತದೆ. ತೋಟ ಹಸಿರಾಗಿಯೇ ಕಾಣುವುದರಿಂದ ರೈತರು ಇಳುವರಿ ಕುಸಿದದ್ದಕ್ಕೆ ಮಣ್ಣನ್ನೋ ಗೊಬ್ಬರವನ್ನೋ ದೂರುವುದುಂಟು.

ಶೀತ ದೇಶಗಳಲ್ಲಿ ಹಿಮ ಬಿದ್ದು ಎಲೆಯುದುರಿ ಬಳ್ಳಿ ತಾನಾಗಿಯೇ ವಿಶ್ರಾಂತಿ ಪಡೆಯುತ್ತದೆ. ಬಯಲುಸೀಮೆಯಲ್ಲಿ ಅಂತಹ ಚಳಿಯಿಲ್ಲ. ಡಿಸೆಂಬರ್, ಜನವರಿಯ ತಂಪಿಗೆ ಮಲ್ಲಿಗೆಯ ಬೆಳವಣಿಗೆ ನಿಧಾನವಾಗುವುದೇ ವಿನಾ ಪೂರ್ತಿ ನಿಲ್ಲುವುದಿಲ್ಲ. ಅರೆಬರೆ ಚಿಗುರುತ್ತಾ, ಅಲ್ಲೊಂದು ಇಲ್ಲೊಂದು ಹೂ ಬಿಡುತ್ತಾ ತನ್ನಲ್ಲಿರುವ ಸಾರವನ್ನು ವ್ಯಯಿಸುತ್ತದೆ. ಹಿಮ ಮಾಡಬೇಕಾದ ಕೆಲಸವನ್ನು ಇಲ್ಲಿ ರೈತನೇ ಮಾಡಬೇಕು. ನೀರು ನಿಲ್ಲಿಸುವುದು ಅದರ ಮೊದಲ ಹಂತ, ಸವರುವುದು ಎರಡನೆಯದು.

ಸವರುವ ಕಾಲ

ಸೂಜಿ ಮಲ್ಲಿಗೆಗೆ ಜನವರಿ ಕೊನೆಯ ವಾರ ಅತ್ಯಂತ ಸೂಕ್ತವೆಂದು ಕಂಡುಬಂದಿದೆ. ಮಕರ ಸಂಕ್ರಾಂತಿಗೆ ನೀರು ನಿಲ್ಲಿಸಿ ತಿಂಗಳ ಕೊನೆಗೆ ಸವರುವುದು ನೆನಪಿಟ್ಟುಕೊಳ್ಳಲು ಸುಲಭವಾದ ಕ್ರಮ. ಮಸಾರಿ ಭೂಮಿಗೆ ಎರಡು ವಾರ ಒಣಗಿಸಿದರೆ ಸಾಕು. ತೇವ ಹಿಡಿದಿಡುವ ಎರೆ ಭೂಮಿಯಲ್ಲಿ ಮೂರು ವಾರವಾದರೂ ಬೇಕಾಗುವುದರಿಂದ ಅಲ್ಲಿ ಸಂಕ್ರಾಂತಿಗೂ ಒಂದು ವಾರ ಮುಂಚೆ ನೀರು ಕಟ್ಟಬೇಕು. ಎಲೆಗಳು ಬಾಡಿ ಹಳದಿಗೆ ತಿರುಗಿ ಉದುರಲಾರಂಭಿಸಿದಾಗ ಬಳ್ಳಿ ಸಿದ್ಧವಾಗಿದೆಯೆಂದು ತಿಳಿಯಬೇಕು. ಸವರಿದ 60ರಿಂದ 75 ದಿನಗಳಿಗೆ ಮೊದಲ ಮೊಗ್ಗುಗಳು ಬರುತ್ತವೆ. ಅಂದರೆ ಹೂವು ಯುಗಾದಿಯ ಆಸುಪಾಸಿನಲ್ಲಿ ಆರಂಭವಾಗಿ, ಚೈತ್ರದ ಹಂಪೆ ರಥೋತ್ಸವಕ್ಕೂ ಏಪ್ರಿಲ್, ಮೇ ತಿಂಗಳ ಮದುವೆಗಳಿಗೂ ಒದಗಿ, ಮಳೆಗಾಲದವರೆಗೆ ಮುಂದುವರಿಯುತ್ತದೆ.

ಇಲ್ಲಿ ರೈತರಿಗೆ ಎದುರಾಗುವ ನಿಜವಾದ ಇಕ್ಕಟ್ಟು ಬೇರೆಯೇ ಇದೆ. ಮೈಲಾರದ ಭರತ ಹುಣ್ಣಿಮೆ ಜಾತ್ರೆ, ಕೊಟ್ಟೂರಿನ ಗುರು ಕೊಟ್ಟೂರೇಶ್ವರ ರಥೋತ್ಸವಗಳು ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಬರುತ್ತವೆ. ಆ ದಿನಗಳಲ್ಲಿ ಹೂವು ಅಪರೂಪ, ಬೆಲೆ ಹೆಚ್ಚು. ಕೈಗೆ ಬರಲಿರುವ ನಾಲ್ಕು ಕಾಸಿನ ಆಸೆಗೆ ಸವರುವುದನ್ನು ಜಾತ್ರೆ ಮುಗಿಯುವ ತನಕ ಮುಂದೂಡುವುದು ಸಾಮಾನ್ಯ. ಹೀಗೆ ಮಾರ್ಚ್‌ಗೆ ಬಿದ್ದ ಕೆಲಸದಿಂದ ಚಿಗುರು ಒಡೆಯುವುದು ಉರಿಬಿಸಿಲಿನಲ್ಲಿ, ಹೂವು ಬರುವುದು ಮೇ ಕೊನೆಯಲ್ಲಿ. ಮದುವೆಯ ಮಾರುಕಟ್ಟೆಯ ಬಹುಪಾಲು ಅಷ್ಟರಲ್ಲಿ ಮುಗಿದಿರುತ್ತದೆ. ಚಳಿಗಾಲದ ಹೂವು ಬೆಲೆಯಲ್ಲಿ ದೊಡ್ಡದು, ತೂಕದಲ್ಲಿ ಬಲು ಚಿಕ್ಕದು ಎಂಬುದನ್ನು ಮರೆಯಬಾರದು. ಜಾತ್ರೆಯ ಹೂವನ್ನು ಬಿಡಲಾಗದವರು ತೋಟದ ಕಾಲುಭಾಗವನ್ನಷ್ಟೇ ಅದಕ್ಕಾಗಿ ಉಳಿಸಿಕೊಂಡು, ಮಿಕ್ಕದ್ದನ್ನು ಸಕಾಲದಲ್ಲಿ ಸವರುವುದು ಒಳ್ಳೆಯದು. ಉಳಿಸಿಕೊಳ್ಳುವ ಭಾಗವನ್ನು ಪ್ರತಿವರ್ಷ ಬದಲಾಯಿಸಬೇಕು.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ನೀರಿನದು. ಸವರಿದ ದಿನದಿಂದ ಹೂವು ಬರುವ ತನಕದ ಎರಡೂವರೆ ತಿಂಗಳು ಈ ಐದೂ ತಾಲ್ಲೂಕುಗಳಲ್ಲಿ ಕೊಳವೆ ಬಾವಿಗಳ ನೀರು ಇಳಿಯುತ್ತಾ ಹೋಗುವ ಕಾಲ. ಸವರದ ಬಳ್ಳಿ ಬರವನ್ನು ಹೇಗೋ ತಾಳಿಕೊಳ್ಳುತ್ತದೆ. ಸವರಿ ನೀರುಣಿಸಿ ಚಿಗುರಿಸಿದ ಬಳ್ಳಿಗೆ ಮಧ್ಯದಲ್ಲಿ ನೀರು ತಪ್ಪಿದರೆ ಚಿಗುರು ಸುಟ್ಟುಹೋಗಿ, ಬೇರಿನಲ್ಲಿ ಕೂಡಿಟ್ಟ ಆಹಾರವೂ ವ್ಯರ್ಥವಾಗಿ, ಗಿಡವೇ ಸಾಯುವ ಸಂಭವವಿದೆ. ಆದ್ದರಿಂದ ಕತ್ತರಿ ಹಿಡಿಯುವ ಮುನ್ನ ಬಾವಿಯ ನೀರನ್ನು ಅಳೆಯಬೇಕು.

ಅಳೆಯುವ ಕ್ರಮ ಕಷ್ಟವಲ್ಲ. ಉದಾಹರಣೆಗೆ ಎಕರೆಗೆ 1,800 ಗಿಡಗಳಿದ್ದು, ಹನಿ ನೀರಾವರಿಯಲ್ಲಿ ಗಿಡವೊಂದಕ್ಕೆ ದಿನಕ್ಕೆ 8 ಲೀಟರ್ ಎಂದು ಹಿಡಿದರೆ ಒಟ್ಟು 14,400 ಲೀಟರ್ ಬೇಕು. 200 ಲೀಟರಿನ ಡ್ರಮ್ಮು ಐದು ನಿಮಿಷಕ್ಕೆ ತುಂಬಿದರೆ ಬಾವಿಯ ನೀರು ಗಂಟೆಗೆ 2,400 ಲೀಟರ್. ಆರು ಗಂಟೆ ಪಂಪು ನಡೆದರೆ ಲೆಕ್ಕ ಸರಿಹೋಗುತ್ತದೆ. ಅಷ್ಟು ಹೊತ್ತು ತ್ರೀಫೇಸ್ ವಿದ್ಯುತ್ ದೊರೆಯುವುದೇ, ಏಪ್ರಿಲ್‌ನಲ್ಲಿ ಬಾವಿಯ ನೀರು ಅರ್ಧಕ್ಕಿಳಿದರೆ ಏನು ಮಾಡುವುದು ಎಂಬುದನ್ನೂ ಯೋಚಿಸಬೇಕು. ನೀರು ಅರ್ಧ ತೋಟಕ್ಕೆ ಮಾತ್ರ ಸಾಲುವಂತಿದ್ದರೆ ಜನವರಿಯಲ್ಲಿ ಅರ್ಧವನ್ನೇ ಸವರಬೇಕು. ಉಳಿದರ್ಧದಲ್ಲಿ ಒಣಕಡ್ಡಿ ಮಾತ್ರ ತೆಗೆದು, ಬುಡಕ್ಕೆ ಹೊದಿಕೆ ಹಾಕಿ, ಜೀವ ಹಿಡಿದಿಡುವಷ್ಟು ನೀರು ಕೊಟ್ಟು, ಮುಂಗಾರು ಹಿಡಿಯುವ ಹೊತ್ತಿಗೆ, ಅಂದರೆ ಜೂನ್ ಆರಂಭದಲ್ಲಿ ಸವರಬಹುದು. ಇಳುವರಿ ಜನವರಿಯಲ್ಲಿ ಸವರಿದಷ್ಟು ಬಾರದಿದ್ದರೂ ಶ್ರಾವಣ ಮತ್ತು ಗಣೇಶ ಚತುರ್ಥಿಯ ಮಾರುಕಟ್ಟೆಗೆ ಹೂವು ದೊರೆಯುತ್ತದೆ. ಮಳೆಯನ್ನೇ ನಂಬಿದ ಹೊಲಕ್ಕೆ ಈ ಕ್ರಮವೇ ಕ್ಷೇಮ.

ನೀರು ಸಾಕಷ್ಟಿರುವ, ತುಂಗಭದ್ರೆಯ ದಂಡೆಯ ಗ್ರಾಮಗಳ ರೈತರು ಬೇರೊಂದು ಕಾರಣಕ್ಕೆ ತೋಟವನ್ನು ಭಾಗ ಮಾಡಿಕೊಳ್ಳುವುದು ಉಚಿತ. ಇಡೀ ಎಕರೆಯನ್ನು ಒಂದೇ ದಿನ ಸವರಿದರೆ ಹೂವೂ ಒಟ್ಟಿಗೇ ಬಂದು, ಬಿಡಿಸಲು ಆಳು ಸಿಗದೆ, ಮಾರುಕಟ್ಟೆಯಲ್ಲಿ ಬೆಲೆಯೂ ಸಿಗದೆ ಹೋಗುತ್ತದೆ. ಹತ್ತು ಹದಿನೈದು ದಿನಗಳ ಅಂತರದಲ್ಲಿ ಎರಡು ಅಥವಾ ಮೂರು ಕಂತಿನಲ್ಲಿ ಸವರಿದರೆ ಮನೆಯವರ ಕೈಗೆ ನಿಲುಕುವಷ್ಟೇ ಹೂವು ದಿನವೂ ಬರುತ್ತದೆ.

ಸವರುವ ವಿಧಾನ

ನೆಲದಿಂದ 45 ಸೆಂ.ಮೀ. ಎತ್ತರದಲ್ಲಿ ಎಲ್ಲ ಕೊಂಬೆಗಳನ್ನು ಕತ್ತರಿಸಬೇಕು. ಅಳತೆ ಪಟ್ಟಿ ಬೇಕಿಲ್ಲ. ಹೂವನ್ನು ಅಳೆದು ಮಾರುವ ಮೊಳವೇ ಇಲ್ಲಿಯೂ ಅಳತೆ, ಏಕೆಂದರೆ ಒಂದು ಮೊಳವೆಂದರೆ ಹೆಚ್ಚುಕಡಿಮೆ 45 ಸೆಂ.ಮೀ. ಇದಕ್ಕಿಂತ ತೀರ ಕೆಳಗೆ ಕತ್ತರಿಸಿದರೆ ಚಿಗುರುವ ಕಣ್ಣುಗಳು ಕಡಿಮೆಯಾಗುತ್ತವೆ. ತೀರ ಮೇಲೆ ಕತ್ತರಿಸಿದರೆ ಹಳೆಯ ಕಡ್ಡಿಯ ಪೊದೆ ಹಾಗೆಯೇ ಉಳಿಯುತ್ತದೆ.

ಕುಡುಗೋಲಿನಿಂದ ಸವರುವ ರೂಢಿ ಹಲವು ಕಡೆ ಇದೆ. ಎಳೆದು ಕೊಯ್ದಾಗ ಕಡ್ಡಿ ಸೀಳಿ, ಸೀಳಿನೊಳಗೆ ನೀರು ಸೇರಿ ಕೊಂಬೆ ಒಣಗುತ್ತಾ ಬುಡದವರೆಗೆ ಇಳಿಯುತ್ತದೆ. ಹರಿತವಾದ ಸವರುವ ಕತ್ತರಿಯೇ ಉತ್ತಮ. ಹೊರಮುಖವಾಗಿರುವ ಗೆಣ್ಣಿನ ಅರ್ಧ ಅಂಗುಲ ಮೇಲೆ ತುಸು ಓರೆಯಾಗಿ ಕತ್ತರಿಸಿದರೆ ಚಿಗುರು ಹೊರಕ್ಕೆ ಹೊರಟು ಪೊದೆಯ ಮಧ್ಯ ತೆರವಾಗಿ ಉಳಿಯುತ್ತದೆ. ಮೊದಲು ಒಣಗಿದ, ರೋಗ ತಗುಲಿದ ಹಾಗೂ ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಬುಡಸಮೇತ ತೆಗೆದು, ಅನಂತರ ಉಳಿದವನ್ನು ಮೊಳದೆತ್ತರಕ್ಕೆ ತರಬೇಕು. ಗಿಡದಲ್ಲಿ ಉಳಿದ ಹಳೆಯ ಎಲೆಗಳನ್ನು ಕೈಯಿಂದ ಸವರಿ ಬಿಡಿಸುವುದು ಒಳಿತು. ರೋಗವಿರುವ ಗಿಡವನ್ನು ಕತ್ತರಿಸಿದ ಮೇಲೆ ಅದೇ ಕತ್ತರಿಯನ್ನು ಒರೆಸದೆ ಪಕ್ಕದ ಗಿಡಕ್ಕೆ ಹಾಕಬಾರದು.

ಕತ್ತರಿಸಿದ ದಪ್ಪ ತುದಿಗಳಿಗೆ ಅಂದೇ ಬೋರ್ಡೋ ಮುಲಾಮು ಹಚ್ಚಬೇಕು. ಮೈಲುತುತ್ತ 1 ಕಿ.ಗ್ರಾಂ, ಸುಣ್ಣ 1 ಕಿ.ಗ್ರಾಂಗಳನ್ನು ಬೇರೆ ಬೇರೆ ಪಾತ್ರೆಗಳಲ್ಲಿ ತಲಾ 5 ಲೀಟರ್ ನೀರಿನಲ್ಲಿ ಕರಗಿಸಿ ಕೂಡಿಸಿದರೆ ಮುಲಾಮು ಸಿದ್ಧ. ಪಾತ್ರೆ ಮಣ್ಣಿನದೋ ಪ್ಲಾಸ್ಟಿಕ್ಕಿನದೋ ಆಗಿರಬೇಕು. ಕಬ್ಬಿಣದ ಬಕೀಟು ಸಲ್ಲದು. ಸವರಿದ ಕಡ್ಡಿ ಮತ್ತು ಎಲೆಗಳನ್ನು ಬದುವಿನ ಮೇಲೆ ಒಟ್ಟಿ ಇಡುವುದರಿಂದ ನುಸಿ ಮತ್ತೆ ತೋಟಕ್ಕೇ ಹಿಂದಿರುಗುತ್ತದೆ. ರೋಗವಿಲ್ಲದ ಕಡ್ಡಿಯನ್ನು ಹೊರಗೆ ಸಾಗಿಸಿ ಗೊಬ್ಬರದ ಗುಂಡಿಗೆ ಹಾಕಬಹುದು, ರೋಗದ ಕಡ್ಡಿಯನ್ನು ಆಳವಾಗಿ ಹೂಳಬೇಕು.

ನೆಟ್ಟ ಮೊದಲ ವರ್ಷದ ಗಿಡವನ್ನು ಇಷ್ಟು ಕಠಿಣವಾಗಿ ಸವರಬಾರದು. ತುದಿಗಳನ್ನು ಚಿವುಟಿ ಕವಲೊಡೆಯುವಂತೆ ಮಾಡಿದರೆ ಸಾಕು.

ಸವರಿದ ನಂತರದ ಆರೈಕೆ

ಸವರಿದ ಮೇಲೆ ಗಿಡದ ಸುತ್ತ ಪಾತಿ ಬಿಡಿಸಿ, ಮಣ್ಣನ್ನು ಬೇರಿಗೆ ಹೆಚ್ಚು ಪೆಟ್ಟಾಗದಂತೆ ಸಡಿಲಿಸಿ, ಗಿಡವೊಂದಕ್ಕೆ 10 ಕಿ.ಗ್ರಾಂ ಕೊಟ್ಟಿಗೆ ಗೊಬ್ಬರ ಕೊಡಬೇಕು. ಬೆಳೆದ ಗಿಡಕ್ಕೆ ವರ್ಷಕ್ಕೆ 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ, 120 ಗ್ರಾಂ ಪೊಟ್ಯಾಷ್ ಶಿಫಾರಸು ಮಾಡಲಾಗಿದೆ. ಅಂಗಡಿಯ ಗೊಬ್ಬರದ ಲೆಕ್ಕದಲ್ಲಿ ಇದು ಸುಮಾರು 130 ಗ್ರಾಂ ಯೂರಿಯಾ, 750 ಗ್ರಾಂ ಸೂಪರ್ ಫಾಸ್ಫೇಟ್ ಮತ್ತು 200 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಆಗುತ್ತದೆ. ಅರ್ಧವನ್ನು ಸವರಿದ ಕೂಡಲೇ, ಇನ್ನರ್ಧವನ್ನು ಜೂನ್-ಜುಲೈನಲ್ಲಿ ಕೊಡಬೇಕು. ಮಣ್ಣು ಪರೀಕ್ಷೆ ಮಾಡಿಸಿದವರು ಅದರ ವರದಿಯನ್ನೇ ಅನುಸರಿಸುವುದು ಸೂಕ್ತ. ಯೂರಿಯಾ ಹೆಚ್ಚಿದರೆ ಬಳ್ಳಿ ಹಸಿರೇರಿ ಎಲೆಯೇ ಬೆಳೆಯುವುದು, ಮೊಗ್ಗು ಹಿಂದೆ ಬೀಳುವುದು.

ಗೊಬ್ಬರ ಕೊಟ್ಟ ದಿನ ಚೆನ್ನಾಗಿ ನೀರುಣಿಸಬೇಕು. ಅಲ್ಲಿಂದ ಮುಂದೆ ಮೊಗ್ಗು ಕಾಣುವ ತನಕ ತೇವ ಆರಬಾರದು, ಹಾಗೆಂದು ಪಾತಿಯಲ್ಲಿ ನೀರು ನಿಲ್ಲಲೂ ಬಾರದು. ಶೇಂಗಾ ಹೊಟ್ಟು, ಜೋಳದ ಕಣಿಕೆಯ ಚೂರು ಅಥವಾ ಒಣಹುಲ್ಲನ್ನು ಪಾತಿಗೆ ಹೊದಿಸಿದರೆ ನೀರಿನ ಉಳಿತಾಯ ಗಣನೀಯ. ಹನಿ ನೀರಾವರಿಗೆ ದೊರೆಯುವ ಸಹಾಯಧನದ ಪ್ರಮಾಣ ಮತ್ತು ಷರತ್ತುಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನ ವಿಚಾರಿಸಿಕೊಳ್ಳಬೇಕು.

ಕೀಟ ಮತ್ತು ರೋಗಗಳು

ಸೂಜಿ ಮಲ್ಲಿಗೆಯನ್ನು ಬಹುವಾಗಿ ಕಾಡುವುದು ಎಲೆಯ ಮೇಲೆ ಬಿಳಿ ನವಿರಿನಂತಹ ಗಂಟುಗಳನ್ನು ಎಬ್ಬಿಸುವ ನುಸಿ. ಬರಿಗಣ್ಣಿಗೆ ಕಾಣದ ಈ ಜೀವಿ ಚಿಗುರಿನ ರಸ ಹೀರುವುದರಿಂದ ಎಲೆ ಮುದುಡಿ ಮೊಗ್ಗು ನಿಲ್ಲುತ್ತದೆ. ಸಕಾಲದಲ್ಲಿ ಸವರಿ ಎಲೆ ತೆಗೆದ ತೋಟದಲ್ಲಿ ಇದರ ಬಾಧೆ ತಾನಾಗಿಯೇ ಕಡಿಮೆ. ಚಿಗುರಿನಲ್ಲಿ ಮತ್ತೆ ಕಂಡರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ, ತಂಪು ಹೊತ್ತಿನಲ್ಲಿ ಸಿಂಪಡಿಸಬೇಕು. ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದ ಪರಿಮುಲ್ಲೈ ತಳಿ ಈ ನುಸಿಯನ್ನು ತಡೆದುಕೊಳ್ಳುವ ಶಕ್ತಿ ಹೊಂದಿದೆ. ಆದರೆ ಹಡಗಲಿ ಮಲ್ಲಿಗೆ ಎಂಬ ಹೆಸರಿನಲ್ಲಿ ಮಾರಬಯಸುವವರು ಸ್ಥಳೀಯ ತಳಿಯನ್ನು ಬಿಟ್ಟು ಅದನ್ನು ನೆಡುವಂತಿಲ್ಲ.

ಮೊಗ್ಗು ಕೊರೆಯುವ ಹುಳು ಮೊಗ್ಗುಗಳನ್ನು ನೂಲಿನಿಂದ ಒಂದಕ್ಕೊಂದು ಹೆಣೆದು ಒಳಗಿನಿಂದ ತಿನ್ನುತ್ತದೆ. ಹೆಣೆದ ಗೊಂಚಲನ್ನು ಬಿಡಿಸಿ ನಾಶಪಡಿಸಿ, ಬೇವಿನ ಎಣ್ಣೆಯ ಅಥವಾ ಬೇವಿನ ಬೀಜದ ಕಷಾಯವನ್ನು ಸಿಂಪಡಿಸಬಹುದು. ಹೂವಿನ ಬದಲಿಗೆ ಹಸಿರು ಎಲೆಯಂತಹ ಗೊಂಚಲು ಬಂದರೆ ಅದು ಬಿಳಿ ನೊಣದಿಂದ ಹರಡುವ ರೋಗ. ಅಂತಹ ಗಿಡ ಸವರಿದರೂ ಸರಿಹೋಗದು, ಬೇರುಸಹಿತ ಕಿತ್ತು ಹಾಕಬೇಕು, ಅದರಿಂದ ಸಸಿಗೆ ಕಡ್ಡಿ ತೆಗೆಯಲೇಬಾರದು. ಹಳೆಯ ಕೈಪಿಡಿಗಳಲ್ಲಿ ಮಲ್ಲಿಗೆಗೆ ಎಂಡೋಸಲ್ಫಾನ್ ಸಿಂಪಡಿಸುವ ಸಲಹೆ ಕಾಣಬಹುದು. ಅದು 2011ರಲ್ಲಿಯೇ ನಿಷೇಧಗೊಂಡಿದೆ. ಮಲ್ಲಿಗೆ ಮುಡಿಗೇರುವ ಹೂವು, ಕಟ್ಟುವವರು ದಿನವಿಡೀ ಕೈಯಲ್ಲಿ ಹಿಡಿಯುವ ಹೂವು. ಕೊಯ್ಲು ನಡೆದಿರುವ ದಿನಗಳಲ್ಲಿ ಯಾವುದೇ ರಾಸಾಯನಿಕವನ್ನು ತಜ್ಞರನ್ನು ಕೇಳದೆ ಬಳಸಕೂಡದು.

ಕೊಯ್ಲು ಮತ್ತು ಮಾರಾಟ

ಬಲಿತು ಬೆಳ್ಳಗಾದ, ಇನ್ನೂ ಅರಳದ ಮೊಗ್ಗನ್ನು ಸೂರ್ಯೋದಯಕ್ಕೆ ಮುಂಚೆಯೇ ಬಿಡಿಸಬೇಕು. ಬಿಸಿಲೇರಿದಂತೆ ಮೊಗ್ಗಿನ ತೂಕವೂ ಬಾಳಿಕೆಯೂ ಇಳಿಯುತ್ತವೆ. ಬಿಡಿಸಿದ್ದನ್ನು ಒದ್ದೆ ಬಟ್ಟೆ ಹಾಸಿದ ಬಿದಿರಿನ ಬುಟ್ಟಿಯಲ್ಲಿ ಸಡಿಲವಾಗಿ ತುಂಬಿ, ನೆರಳಿನಲ್ಲಿಟ್ಟು ಸಾಗಿಸಬೇಕು. ಉಡುಪಿ ಭಾಗದಲ್ಲಿ ಮಲ್ಲಿಗೆಯನ್ನು ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರುವರು ಮತ್ತು ದಿನದ ದರ ಎಲ್ಲರಿಗೂ ತಿಳಿಯುವಂತೆ ನಿಗದಿಯಾಗುವ ಪದ್ಧತಿ ಅಲ್ಲಿದೆ. ಬಯಲುಸೀಮೆಯಲ್ಲಿ ಅಂತಹ ಏರ್ಪಾಡು ಬೇರೂರಿಲ್ಲ. ಬೆಳೆಗಾರರು ಗುಂಪು ಕಟ್ಟಿಕೊಂಡು ಒಟ್ಟಾಗಿ ಸಾಗಿಸಿದರೆ ಬೆಲೆಯ ವಿಷಯದಲ್ಲಿ ಮಾತಾಡುವ ಶಕ್ತಿ ಬರುತ್ತದೆ. ಭೌಗೋಳಿಕ ಸೂಚಿಕೆಯ ಕಾಯ್ದೆಯಡಿ ಬೆಳೆಗಾರರು ಅಧಿಕೃತ ಬಳಕೆದಾರರೆಂದು ನೋಂದಣಿ ಮಾಡಿಸಿಕೊಳ್ಳಲು ಅವಕಾಶವಿದೆ.

ಹೂವು ಮಿಗುವ ದಿನಗಳಿಗೆ ಸುಗಂಧ ದ್ರವ್ಯ ಘಟಕ ಬೇಕೆಂಬುದು ಹಡಗಲಿ ಬೆಳೆಗಾರರ ಬಹುಕಾಲದ ಬೇಡಿಕೆ. ಸೂಜಿ ಮಲ್ಲಿಗೆಯ ನೂರು ಕಿ.ಗ್ರಾಂ ಹೂವಿನಿಂದ ಸುಮಾರು 300 ಗ್ರಾಂನಷ್ಟು ಕಾಂಕ್ರೀಟ್ ಎಂಬ ಮೇಣದಂತಹ ಸುಗಂಧ ಸಾರ ದೊರೆಯುತ್ತದೆ. ದುಂಡು ಮಲ್ಲಿಗೆಯಲ್ಲಿ ದೊರೆಯುವುದಕ್ಕಿಂತ ಇದು ಹೆಚ್ಚು. ಸಾರ ತೆಗೆಯಲು ಮಾತ್ರ ಮೊಗ್ಗಲ್ಲ, ಪೂರ್ಣ ಅರಳಿದ ಹೂವು ಬೇಕು.

ಹಳೆಯ ತೋಟಗಳ ಪುನಶ್ಚೇತನ

ಹಲವು ವರ್ಷ ಸವರದೆ ಬಿಟ್ಟ ತೋಟವನ್ನು ಕೂಡಲೇ ಕಿತ್ತು ಮೆಕ್ಕೆಜೋಳ ಹಾಕುವ ಅಗತ್ಯವಿಲ್ಲ. ಬುಡ ಗಟ್ಟಿಯಾಗಿದ್ದರೆ ಎರಡು ವರ್ಷದಲ್ಲಿ ಅದನ್ನು ಸರಿಪಡಿಸಬಹುದು. ಮೊದಲ ಜನವರಿಯಲ್ಲಿ ಪ್ರತಿ ಬುಡದ ಅರ್ಧದಷ್ಟು ಹಳೆಯ ಕೊಂಬೆಗಳನ್ನು ಮೊಳದೆತ್ತರಕ್ಕೆ ಇಳಿಸಿ, ಉಳಿದರ್ಧವನ್ನು ಬಿಡಬೇಕು. ಇಳಿಸಿದ ಕೊಂಬೆಗಳಲ್ಲಿ ಹೊಸ ಚಿಗುರು ನಿಂತ ಮೇಲೆ ಮರುವರ್ಷ ಮಿಕ್ಕ ಅರ್ಧವನ್ನು ಇಳಿಸಬೇಕು. ಮುದಿ ಬುಡವನ್ನು ಒಮ್ಮೆಗೇ ಬೋಳು ಮಾಡಿದರೆ ಚಿಗುರದೆ ಸಾಯುವುದುಂಟು. ಮೊದಲ ವರ್ಷ ಹೂವು ಎಂದಿಗಿಂತ ಕಡಿಮೆ ಬರುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದುಕೊಂಡು, ಸಾಲುಗಳ ನಡುವೆ ಸೊಪ್ಪು ಅಥವಾ ಹುರುಳಿ, ಅಲಸಂದೆಯಂತಹ ಕಡಿಮೆ ಎತ್ತರದ ಬೆಳೆಯನ್ನು ತೆಗೆದುಕೊಳ್ಳಬಹುದು. ಸತ್ತ ಗಿಡಗಳ ಜಾಗಕ್ಕೆ, ತೋಟದಲ್ಲಿ ಅತಿ ಹೆಚ್ಚು ಹೂ ಬಿಡುವ ಬಳ್ಳಿಗಳನ್ನು ಬೇಸಿಗೆಯಲ್ಲಿಯೇ ಗುರುತು ಹಾಕಿಟ್ಟು, ಅವುಗಳಿಂದಲೇ ಸಸಿ ಮಾಡಿಕೊಂಡು ಮಳೆಗಾಲದಲ್ಲಿ ನೆಡಬೇಕು.

ಹೆಚ್ಚಿನ ಮಾಹಿತಿಗಾಗಿ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸಬಹುದು. ಮಣ್ಣಿನ ಮಾದರಿಯನ್ನು ಪರೀಕ್ಷೆಗೆ ಕೊಡುವವರು ನವೆಂಬರ್ ಅಥವಾ ಡಿಸೆಂಬರ್‌ನಲ್ಲಿಯೇ ಕೊಟ್ಟರೆ ಜನವರಿ ಕೊನೆಯ ಗೊಬ್ಬರದ ವೇಳೆಗೆ ವರದಿ ಕೈಸೇರುತ್ತದೆ.